ಸಂಘದ ಪಿಕಪ್ ಗಾಡಿಗೆ ಗಾಳಿ ಯಂತ್ರ

(ರಜತ ಮಹೋತ್ಸವದ ಎರಡನೆಯ ದಿನ ಸದಸ್ಯರ ಗೋಷ್ಠಿಯಲ್ಲಿ ಸಂಘದ ವಾಹನ ಉಪಸಮಿತಿಯ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಈ ವೇದಿಕೆಯಲ್ಲಿ ಸಹಕಾರ ತತ್ವದ ಬಗ್ಗೆ, ಅಡಿಕೆ ಧಾರಣೆಯ ಬಗ್ಗೆ, ಸಾಲ ವಸೂಲಾತಿಯ ಬಗ್ಗೆ ತಿಳಿದವರು ಮಾತಾಡಿದ್ದಾರೆ. ಊಟಕ್ಕೆ ಮೊದಲು ನಮಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ನಾವು ಭಾಷಣಕಾರರಲ್ಲ, ಗ್ರೀಸು ಹಿಡಿದ ಕೈಯವರು. ನಾವು ಅಂದರೆ ಮೂರು ಜನ: ಸಂಘದ ಗಾಡಿ ಓಡಿಸುವವರು ಒಬ್ಬರು, ಲೆಕ್ಕ ಬರೆಯುವವರು ಒಬ್ಬರು, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಹಿರಿಯರು ಒಬ್ಬರು. ಆ ಹಿರಿಯರನ್ನು ಊರಲ್ಲಿ ಎಲ್ಲರೂ ಡಿಪೋ ಮಾವ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇವೆ. ಅವರು ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ತಪ್ಪು ಹೇಳಿದರೆ ಅಲ್ಲಿಂದಲೇ ಗದರಿಸುವುದಾಗಿ ಮೊದಲೇ ಹೇಳಿದ್ದಾರೆ.

ಸಂಘದ ಡೀಸೆಲ್ ಪಿಕಪ್ಪಿಗೆ 2019ರಲ್ಲಿ ನಾವು ಗಾಳಿ ಯಂತ್ರ, ಅಂದರೆ ಏರ್ ಕಂಪ್ರೆಸರ್ ಕೂರಿಸಿದೆವು. ಅದನ್ನು ತಾವೆಲ್ಲ ನೋಡಿದ್ದೀರಿ, ಎಷ್ಟೋ ಜನ ಅದರಲ್ಲಿ ಗಾಳಿ ಹೊಡೆಸಿಕೊಂಡಿದ್ದೀರಿ. ಅದು ಯಾಕೆ ಬಂತು, ಹೇಗೆ ಬಂತು, ಅದರಲ್ಲಿ ಏನು ಕಲಿತೆವು ಎಂಬುದನ್ನು ಇದ್ದ ಹಾಗೆ ತಮ್ಮ ಮುಂದೆ ಇಡುತ್ತೇವೆ. ಈಚೆಗೆ ಊರಿನ ಹುಡುಗರು ನಾಲ್ಕಾರು ಮಂದಿ ತಮ್ಮ ಗಾಡಿಗೂ ಕೂರಿಸಬೇಕು ಅಂತ ಕೇಳುತ್ತಿದ್ದಾರೆ. ಮುಖ್ಯವಾಗಿ ಅವರಿಗಾಗಿ ಈ ಮಾತು.

ಆ ರಾತ್ರಿ

2017ರ ಜುಲೈ ತಿಂಗಳು. ಮಳೆ ಹಿಡಿದು ಎಂಟು ದಿನ ಆಗಿತ್ತು, ಕರೆಂಟು ಹೋಗಿ ಮೂರು ದಿನ. ಸಂಜೆ ಏಳು ಗಂಟೆ ಹೊತ್ತಿಗೆ ತೋಟದಿಂದ ಬರುತ್ತಿದ್ದ ನಮ್ಮ ಸದಸ್ಯರೊಬ್ಬರಿಗೆ ಕೊಳಕುಮಂಡಲ ಕಚ್ಚಿತು. ಫೋನು ಹತ್ತಲಿಲ್ಲ. ಗೋದಾಮಿನ ಎದುರು ನಿಂತಿದ್ದ ಸಂಘದ ಪಿಕಪ್ಪೇ ಗತಿ. ಅವರನ್ನು ಕ್ಯಾಬಿನ್ನಿನಲ್ಲಿ ಒರಗಿಸಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆ ಕಡೆ ಹೊರಟೆವು.

ಅರ್ಧ ದಾರಿಯಲ್ಲಿ, ಕಾಡಿನ ತಿರುವಿನಲ್ಲಿ, ಹಿಂದಿನ ಎಡಗಡೆ ಟೈರು ಪಂಕ್ಚರ್ ಆಯಿತು. ಪಂಕ್ಚರ್ ಏನು ದೊಡ್ಡ ವಿಷಯವಲ್ಲ. ಜಾಕಿ ಕೊಟ್ಟು, ಬೋಲ್ಟು ಬಿಚ್ಚಿ, ಹದಿನೈದು ನಿಮಿಷದಲ್ಲಿ ಚಕ್ರ ಬದಲಾಯಿಸಬಹುದು. ಆದರೆ ಇಳಿಸಿದ ಸ್ಟೆಪ್ನಿಯನ್ನು ಕೈಯಲ್ಲಿ ಒತ್ತಿದರೆ ತಗ್ಗುತ್ತಿತ್ತು. ಗಾಳಿಯೇ ಇಲ್ಲ. ಟಾರ್ಚು ಹಿಡಿದು ಒಬ್ಬರು ಕಾಲು ಮೈಲಿ ಓಡಿ, ಒಂದು ಮನೆ ಬಾಗಿಲು ತಟ್ಟಿ, ಕಾಲಲ್ಲಿ ಒತ್ತುವ ಪಂಪು ತಂದರು. ಮಳೆಯಲ್ಲಿ ಸರದಿ ಮೇಲೆ ಒತ್ತಿದೆವು. ಎಷ್ಟು ಒತ್ತಿದೆವೋ ಆಗ ಲೆಕ್ಕ ಇಟ್ಟವರಿಲ್ಲ. ಆಮೇಲೆ ಲೆಕ್ಕ ಹಾಕಿದೆವು. ನಮ್ಮ ಟೈರಿನ ಹೊಟ್ಟೆ ಸುಮಾರು 50 ಲೀಟರಿನದು. 12 ಪೌಂಡಿನಿಂದ 45 ಪೌಂಡಿಗೆ ಏರಿಸಲು ಹೊರಗಿನ ಗಾಳಿ 110 ಲೀಟರಿಗಿಂತ ಹೆಚ್ಚು ಬೇಕು. ಕಾಲಿನ ಪಂಪು ಒಂದು ಒತ್ತಿಗೆ ಕೊಡುವುದು ಹೆಚ್ಚೆಂದರೆ ಕಾಲು ಲೀಟರು. ಅಲ್ಲಿಗೆ ಸುಮಾರು ಐನೂರು ಸಲ. ಕ್ಯಾಬಿನ್ನಿನಲ್ಲಿ ಒಬ್ಬ ಮನುಷ್ಯ ನರಳುತ್ತಿದ್ದಾಗ ಹೊರಗೆ ನಾವು ಐನೂರು ಸಲ ಕಾಲು ಒತ್ತಿದೆವು. ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆಗಿಂತ ಹೆಚ್ಚು ತಡವಾಗಿತ್ತು.

ಆ ಸದಸ್ಯರು ಬದುಕಿದರು. ಈ ಸಭೆಯಲ್ಲೇ ಇದ್ದಾರೆ. ಆದರೆ ಮೂತ್ರಪಿಂಡಕ್ಕೆ ವಿಷ ಏರಿ ಡಯಾಲಿಸಿಸ್ ಮಾಡಿಸಬೇಕಾಯಿತು, ಎರಡೂವರೆ ತಿಂಗಳು ತೋಟಕ್ಕೆ ಇಳಿಯಲಿಲ್ಲ. "ಇನ್ನೂ ಬೇಗ ತರಬಹುದಿತ್ತಲ್ಲ" ಎಂದು ವೈದ್ಯರು ಒಂದೇ ಒಂದು ಮಾತು ಕೇಳಿದರು. ನಮ್ಮಲ್ಲಿ ಉತ್ತರ ಇರಲಿಲ್ಲ.

ಈಗ ಒಂದು ವಿಷಯವನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕು. ಮರುದಿನ ಸಂಘದ ವಾಹನ ರಿಜಿಸ್ಟರ್ ತೆಗೆದು ನೋಡಿದೆವು. ಹಿಂದಿನ ಹದಿನಾಲ್ಕು ತಿಂಗಳೂ "ಸ್ಟೆಪ್ನಿ ಸರಿ ಇದೆ" ಎಂದು ಬರೆದು ಸಹಿ ಹಾಕಿತ್ತು. ಸಹಿ ನಮ್ಮದೇ. ಸ್ಟೆಪ್ನಿಯನ್ನು ಮುಟ್ಟಿ ನೋಡಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆದ್ದರಿಂದ ಗಾಳಿ ಯಂತ್ರದ ಕಥೆ ನಮ್ಮ ಜಾಣತನದ ಕಥೆ ಅಲ್ಲ, ನಮ್ಮ ತಪ್ಪಿನಿಂದ ಹುಟ್ಟಿದ ಕಥೆ ಎಂದು ತಿಳಿಯಬೇಕಾಗಿ ವಿನಂತಿ.

ಡೀಸೆಲ್ಲಿಗೂ ಗಾಳಿಗೂ ಹಳೇ ನಂಟು

ಆ ವರ್ಷದ ಸರ್ವಸದಸ್ಯರ ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: "ಬಸ್ಸು ಲಾರಿಗೆಲ್ಲ ಗಾಳಿ ಇರ್ತದೆ, ನಿಂತಾಗ ಪುಸ್ ಅಂತದೆ. ನಮ್ಮ ಗಾಡಿಗೆ ಯಾಕಿಲ್ಲ ಮಾರಾಯ್ರೆ?" ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಡಿಪೋ ಮಾವ ಅಂದು ವಿವರಿಸಿದ್ದನ್ನು ಇಲ್ಲಿ ಹೇಳುತ್ತೇವೆ. ಬಸ್ಸು ಲಾರಿಗಳ ಬ್ರೇಕು ಗಾಳಿಯ ಒತ್ತಡದಿಂದ ಹಿಡಿಯುವಂಥದು. ಹಾಗಾಗಿ ಎಂಜಿನ್ನಿಗೆ ಸೇರಿದಂತೆ ಕಾರ್ಖಾನೆಯಲ್ಲೇ ಕಂಪ್ರೆಸರ್ ಕೂರಿಸಿರುತ್ತಾರೆ, ಅಡಿಯಲ್ಲಿ ಗಾಳಿ ಟ್ಯಾಂಕುಗಳಿರುತ್ತವೆ. ಪಿಕಪ್ಪಿನ ಬ್ರೇಕು ಎಣ್ಣೆಯದು. ಅದಕ್ಕೆ ಗಾಳಿಯ ಒತ್ತಡ ಬೇಡ, ಆದ್ದರಿಂದ ಯಂತ್ರವೂ ಇಲ್ಲ.

ಡೀಸೆಲ್ ಎಂಜಿನ್ನೂ ಗಾಳಿ ಯಂತ್ರವೂ ಮೂಲದಲ್ಲಿ ಅಣ್ಣತಮ್ಮಂದಿರು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ಊದುತ್ತಿದ್ದುದೇ ಒತ್ತಿದ ಗಾಳಿ. ಕಮ್ಮಾರ ತಿದಿ ಒತ್ತಿ ಕುಲುಮೆಗೆ ಊದುವ ಹಾಗೆ. ಆ ಕಾಲದ ಡೀಸೆಲ್ ಎಂಜಿನ್ನಿಗೆಲ್ಲ ಪಕ್ಕದಲ್ಲೊಂದು ಕಂಪ್ರೆಸರ್ ಇರಲೇಬೇಕಿತ್ತು, ಅದರ ಭಾರವೇ ಬಹಳ. ಎಣ್ಣೆಯನ್ನು ನೇರವಾಗಿ ಚಿಮ್ಮಿಸುವ ಪಂಪುಗಳು 1920ರ ದಶಕದಲ್ಲಿ ಬಂದ ಮೇಲೆ ಆ ಕಂಪ್ರೆಸರ್ ಬಿಟ್ಟುಹೋಯಿತು, ಎಂಜಿನ್ನು ಹಗುರವಾಗಿ ಲಾರಿಯ ಮೇಲೆ ಹತ್ತಿತು. ಬಿಟ್ಟುಹೋದ ತಮ್ಮನನ್ನೇ ನಾವು ಬೇರೆ ಕೆಲಸಕ್ಕೆ ವಾಪಸು ಕರೆದುಕೊಂಡು ಬಂದೆವು ಎನ್ನಬಹುದು.

ಬೆಲ್ಟೋ, ಬ್ಯಾಟರಿಯೋ

ಗಾಡಿಯ ಮೇಲೆ ಗಾಳಿ ಒತ್ತಲು ಎರಡು ದಾರಿ. ಒಂದು, ಎಂಜಿನ್ನಿನ ಬೆಲ್ಟಿನಿಂದಲೇ ಕಂಪ್ರೆಸರ್ ತಿರುಗಿಸುವುದು. ಎರಡು, ಬ್ಯಾಟರಿಯ 12 ವೋಲ್ಟಿನಲ್ಲಿ ಓಡುವ ಮೋಟಾರಿನ ಕಂಪ್ರೆಸರ್ ಇಡುವುದು.

ಬೆಲ್ಟಿನ ದಾರಿಯಲ್ಲಿ ಗಾಳಿ ಜಾಸ್ತಿ, ಬೇಗ ತುಂಬುತ್ತದೆ. ಕಾರಿನ ಹಳೇ ಎ.ಸಿ. ಕಂಪ್ರೆಸರ್ ತಂದು ಹೀಗೆ ಮಾಡುವವರು ಇದ್ದಾರೆ. ಆದರೆ ಎ.ಸಿ. ಕಂಪ್ರೆಸರಿನ ಹೆಚ್ಚಿನವುಕ್ಕೆ ಎಣ್ಣೆ ಸಿಗುವುದು ಒಳಗೆ ಸುತ್ತುವ ಎ.ಸಿ. ಗ್ಯಾಸಿನ ಜೊತೆಯಲ್ಲಿ. ಅದೇ ಕಂಪ್ರೆಸರಿಗೆ ಹೊರಗಿನ ಗಾಳಿ ಕುಡಿಸಿದರೆ ಇದ್ದ ಎಣ್ಣೆಯೆಲ್ಲ ಗಾಳಿಯ ಸಂಗಡ ಹೊರಟುಹೋಗುತ್ತದೆ, ಕೆಲವು ದಿನಕ್ಕೆ ಕಂಪ್ರೆಸರ್ ಹಿಡಿದುಕೊಳ್ಳುತ್ತದೆ. ತನ್ನದೇ ಎಣ್ಣೆ ತೊಟ್ಟಿ ಇರುವ ಪಿಸ್ಟನ್ ಜಾತಿಯದ್ದಾದರೆ ಬಾಳುತ್ತದೆ.

ನಾವು ಬೆಲ್ಟಿನ ದಾರಿ ಬಿಟ್ಟಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಒಂದಿದೆ. ಡೀಸೆಲ್ ಗಾಡಿ ಇಟ್ಟುಕೊಂಡವರೆಲ್ಲ ಇದನ್ನು ದಯವಿಟ್ಟು ಕೇಳಬೇಕು. ಬ್ರೇಕು ಒತ್ತುವಾಗ ನಮ್ಮ ಕಾಲಿನ ಬಲಕ್ಕೆ ಜೊತೆ ಕೊಡುವುದು ವ್ಯಾಕ್ಯೂಮ್, ಅಂದರೆ ಗಾಳಿ ಎಳೆದ ಬರಿದು ಜಾಗ. ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಎಂಜಿನ್ನು ಉಸಿರೆಳೆಯುವ ಕೊಳವೆಯಿಂದ ತಾನಾಗಿ ಸಿಗುತ್ತದೆ. ಡೀಸೆಲ್ಲಿನಲ್ಲಿ ಹಾಗೆ ಸಿಗುವುದಿಲ್ಲ, ಅದಕ್ಕೆಂದೇ ಬೇರೆ ವ್ಯಾಕ್ಯೂಮ್ ಪಂಪು ಇಟ್ಟಿರುತ್ತಾರೆ. ಎಷ್ಟೋ ಗಾಡಿಗಳಲ್ಲಿ, ನಮ್ಮದರಲ್ಲೂ, ಆ ಪಂಪು ಡೈನಮೋದ ಬೆನ್ನಿಗೇ ಅಂಟಿಕೊಂಡಿದೆ. ಡೈನಮೋವನ್ನು ತಿರುಗಿಸುವುದು ಬೆಲ್ಟು. ಆ ಬೆಲ್ಟಿಗೆ ಕಂಪ್ರೆಸರಿನ ಭಾರವನ್ನೂ ಹೊರಿಸಿ, ಅದು ಜಾರಿತೋ ತುಂಡಾಯಿತೋ, ಚಾರ್ಜೂ ಹೋಯಿತು, ಬ್ರೇಕಿನ ಬಲವೂ ಹೋಯಿತು. ನಮ್ಮ ಗಾಡಿ ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುತ್ತದೆ. "ಟೈರಿಗೆ ಗಾಳಿ ಹೊಡೆಯೋಕೆ ಹೋಗಿ ಬ್ರೇಕು ಕಳಕೊಳ್ಳೋದು ಯಾವ ಬುದ್ಧಿವಂತಿಕೆ?" ಅಂದರು ಡಿಪೋ ಮಾವ. ಅಲ್ಲಿಗೆ ಬೆಲ್ಟಿನ ಮಾತು ಮುಗಿಯಿತು.

ಹಾಗಾಗಿ ಎರಡು ಸಿಲಿಂಡರಿನ 12 ವೋಲ್ಟ್ ಕಂಪ್ರೆಸರ್ ತಂದೆವು. ಅದು ಕೆಲಸ ಮಾಡುವಾಗ ಸುಮಾರು 30 ಆಂಪಿಯರ್ ಎಳೆಯುತ್ತದೆ. ಟೈರಿನ ಒತ್ತಡದಲ್ಲಿ ನಿಮಿಷಕ್ಕೆ 40 ಲೀಟರಿನಷ್ಟು ಗಾಳಿ ಕೊಡುತ್ತದೆ. ದೊಡ್ಡ ಯಂತ್ರ ಅಲ್ಲ. ನಮಗೆ ಅಷ್ಟು ಸಾಕು.

ಟ್ಯಾಂಕಿನ ಜಗಳ

ಕಂಪ್ರೆಸರ್ ಬಂತು. ಗಾಳಿ ಕೂಡಿಡಲು ಟ್ಯಾಂಕು ಬೇಕು. ಇಲ್ಲಿ ಸಮಿತಿಯಲ್ಲಿ ಜಗಳ ಆಯಿತು. ನಡಾವಳಿ ಪುಸ್ತಕದಲ್ಲಿ "ಸುದೀರ್ಘ ಚರ್ಚೆಯಾಯಿತು" ಎಂದು ಬರೆದಿದೆ. ಆದದ್ದು ಜಗಳವೇ.

ಒಬ್ಬರು ಹಳೇ ಗ್ಯಾಸ್ ಸಿಲಿಂಡರಿಗೆ ನಾಲ್ಕು ನಲ್ಲಿ ಬೆಸೆದರೆ ಆಯಿತು, ಖರ್ಚೇ ಇಲ್ಲ ಅಂದರು. ಇನ್ನೊಬ್ಬರು ಹಳೇ ಲಾರಿಯ ಗಾಳಿ ಟ್ಯಾಂಕು ಗುಜರಿಯಲ್ಲಿ ಸಿಗುತ್ತದೆ ಅಂದರು. ಡಿಪೋ ಮಾವ ಗ್ಯಾಸ್ ಸಿಲಿಂಡರ್ ಬೇಡವೇ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದರು. ಅದು ಕಂಪನಿಯ ಸ್ವತ್ತು, ನಮ್ಮದಲ್ಲ. ಒಳಗೆ ಉಳಿದ ಗ್ಯಾಸು ಬೆಸೆಯುವಾಗ ಹೊತ್ತಿಕೊಳ್ಳಬಹುದು. ಬೆಸೆದ ಕಡೆ ಉಕ್ಕಿನ ಗುಣವೂ ಕೆಡುತ್ತದೆ. ಕಡೆಗೆ 20 ಲೀಟರಿನ ಹಳೇ ಲಾರಿ ಟ್ಯಾಂಕು ತಂದೆವು. ಹೊರಗಿನಿಂದ ಬಣ್ಣ ಬಳಿದು ಹೊಸದರ ಹಾಗೇ ಕಾಣುತ್ತಿತ್ತು.

ಇನ್ನೇನು ಜೋಡಿಸಬೇಕು ಅನ್ನುವಾಗ ಡಿಪೋ ಮಾವ ಅಡ್ಡ ನಿಂತರು. ನೀರಿನ ಪರೀಕ್ಷೆ ಮಾಡದೆ ಗಾಳಿ ತುಂಬಕೂಡದು ಅಂದರು. ಪರೀಕ್ಷೆಗೆ ಪ್ಲಂಬರಿನ ಕೈಪಂಪು ಬಾಡಿಗೆಗೆ ತರಬೇಕು, ಒಂದು ದಿನದ ಕೆಲಸ, ಆರು ನೂರು ರೂಪಾಯಿ ಖರ್ಚು. ಆಗಿನ ಕಾರ್ಯದರ್ಶಿಯವರಿಗೆ ಸಿಟ್ಟು ಬಂತು. "ಲಾರಿಯಲ್ಲಿ ಹತ್ತು ವರ್ಷ ಓಡಿದ ಟ್ಯಾಂಕಿಗೆ ಇನ್ನೆಂಥ ಪರೀಕ್ಷೆ ಮಾವಾ? ಸಂಘದ ದುಡ್ಡು ಅಂದ್ರೆ ಹೀಗೆ ನೀರಿಗೆ ಹಾಕೋದಾ?" ಎಂದು ಕೇಳಿದರು.

ಯಾಕೆ ನೀರು, ಯಾಕೆ ಗಾಳಿ ಅಲ್ಲ ಎಂಬುದನ್ನು ಸ್ವಲ್ಪ ವಿವರಿಸುತ್ತೇವೆ. ಗಾಳಿಯನ್ನು ಒತ್ತಿದರೆ ಅದು ಸ್ಪ್ರಿಂಗಿನ ಹಾಗೆ ಕುಗ್ಗಿ ಬಲ ಹಿಡಿದಿಟ್ಟುಕೊಳ್ಳುತ್ತದೆ. ಟ್ಯಾಂಕು ಒಡೆದರೆ ಆ ಬಲವೆಲ್ಲ ಒಂದೇ ಕ್ಷಣಕ್ಕೆ ಬಿಚ್ಚುತ್ತದೆ. ನಮ್ಮ 20 ಲೀಟರಿನ ಟ್ಯಾಂಕಿನಲ್ಲಿ 110 ಪೌಂಡು ಗಾಳಿ ಇದ್ದರೆ ಅದರಲ್ಲಿ ಅಡಗಿರುವ ಬಲ ಎಷ್ಟೆಂದರೆ, 50 ಕಿಲೋದ ಗೊಬ್ಬರದ ಚೀಲವನ್ನು 25 ಮೀಟರ್ ಎತ್ತರದ ತೆಂಗಿನಮರದ ತುದಿಯಿಂದ ಕೆಳಕ್ಕೆ ಬಿಟ್ಟಷ್ಟು. ಅದು ಬರಿಯ ಚೀಲವಾಗಿ ಬೀಳುವುದಿಲ್ಲ, ಉಕ್ಕಿನ ಚೂರಾಗಿ ಹಾರುತ್ತದೆ. ನೀರು ಹಾಗಲ್ಲ. ಎಷ್ಟು ಒತ್ತಿದರೂ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ನೀರು ತುಂಬಿದ ಟ್ಯಾಂಕು ಬಿರಿದರೆ ಒಂದಿಷ್ಟು ನೀರು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ, ಅಷ್ಟೆ. ಆದ್ದರಿಂದ ಬಳಸುವ ಒತ್ತಡದ ಒಂದೂವರೆ ಪಟ್ಟು ನೀರಿನಲ್ಲಿ ಒತ್ತಿ ನೋಡುವುದು ಪದ್ಧತಿ. ನಮ್ಮದು 110, ಒಂದೂವರೆ ಪಟ್ಟು ಅಂದರೆ 165 ಪೌಂಡು.

ಗೋದಾಮಿನ ಅಂಗಳದಲ್ಲಿ ಟ್ಯಾಂಕಿಗೆ ಒಂದು ಗುಳ್ಳೆಯೂ ಉಳಿಯದ ಹಾಗೆ ನೀರು ತುಂಬಿ, ಗೇಜು ಹಾಕಿ, ಕೈಪಂಪು ಒತ್ತಿದೆವು. 80 ಆಯಿತು, 100 ಆಯಿತು, 120 ಆಯಿತು. ಕಾರ್ಯದರ್ಶಿಯವರು ಹತ್ತಿರ ಬಂದು "ನೋಡಿದ್ರಾ?" ಅಂದರು. 140ರ ಹತ್ತಿರ ಚಿಟ್ ಅಂತ ಒಂದು ಸಣ್ಣ ಶಬ್ದ. ಟ್ಯಾಂಕಿನ ಹೊಟ್ಟೆಯ ಅಡಿಯಿಂದ ದಾರದಷ್ಟು ತೆಳುವಾದ ನೀರು ಚಿಮ್ಮಿ ನೇರ ಕಾರ್ಯದರ್ಶಿಯವರ ಬಿಳಿ ಅಂಗಿಗೆ ಬಿತ್ತು.

ಯಾರೂ ನಗಲಿಲ್ಲ. ಟ್ಯಾಂಕು ಕೊಯ್ಸಿ ನೋಡಿದೆವು. ಮೇಲುಭಾಗ ಗಟ್ಟಿಮುಟ್ಟು. ಅಡಿಭಾಗ ಮಾತ್ರ ತುಕ್ಕು ತಿಂದು ಕೆಲವು ಕಡೆ ಹಪ್ಪಳದಷ್ಟು ತೆಳ್ಳಗಾಗಿತ್ತು. ಯಾಕೆ ಅಡಿಯಲ್ಲಿ ಮಾತ್ರ? ಆ ಲಾರಿಯಲ್ಲಿ ಇದ್ದಾಗ ಟ್ಯಾಂಕಿನೊಳಗೆ ನಿಂತ ನೀರನ್ನು ಯಾರೂ ಬಿಟ್ಟಿರಲಿಲ್ಲ. ಅದೇ ದಿನ ಸಂಜೆ ತಮ್ಮ ಖರ್ಚಿನಲ್ಲೇ ಹೊಸ ಟ್ಯಾಂಕು ತರಿಸುತ್ತೇನೆ ಎಂದವರು ಆ ಕಾರ್ಯದರ್ಶಿಯವರೇ. ಸಮಿತಿ ಒಪ್ಪಲಿಲ್ಲ, ಸಂಘದಿಂದಲೇ ತಂದಿತು. ಹೊಸದನ್ನೂ ಹಾಗೇ ಬಿಡಲಿಲ್ಲ. 165ಕ್ಕೆ ಒತ್ತಿ ಅರ್ಧ ಗಂಟೆ ನಿಲ್ಲಿಸಿ, ಗೇಜಿನ ಮುಳ್ಳು ಅಲುಗದ್ದನ್ನು ನೋಡಿಯೇ ಜೋಡಿಸಿದೆವು.

ಗಾಳಿಯೊಳಗಿನ ನೀರು

ಗಾಳಿ ತುಂಬುವ ಟ್ಯಾಂಕಿಗೆ ನೀರು ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. ನಮ್ಮ ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ, ಸಾವಿರ ಲೀಟರ್ ಗಾಳಿಗೆ ಹೆಚ್ಚು ಕಡಿಮೆ 22 ಗ್ರಾಂ ನೀರು ಆವಿಯಾಗಿ ಇರುತ್ತದೆ. ಆ ಗಾಳಿಯನ್ನು ಎಂಟು ಒಂಬತ್ತು ಪಟ್ಟು ಕುಗ್ಗಿಸಿ ತಣಿಯಲು ಬಿಟ್ಟರೆ ಅಷ್ಟು ಸಣ್ಣ ಜಾಗದಲ್ಲಿ ಎರಡೂವರೆ ಗ್ರಾಂ ಮಾತ್ರ ಆವಿಯಾಗಿ ಉಳಿಯಬಲ್ಲದು. ಉಳಿದ ಸುಮಾರು 20 ಗ್ರಾಂ ನೀರಾಗಿ ಇಳಿಯಲೇಬೇಕು. ಒದ್ದೆ ಬಟ್ಟೆ ಹಿಂಡಿದ ಹಾಗೆ. ಟ್ರಾಕ್ಟರಿನ ದೊಡ್ಡ ಟೈರು ನಾಲ್ಕು ತುಂಬಿಸಿದರೆ ಅಷ್ಟು ನೀರು ಟ್ಯಾಂಕಿನ ಅಡಿಗೆ ಬಂದು ಕೂತಿರುತ್ತದೆ.

ಅದಕ್ಕಾಗಿ ಟ್ಯಾಂಕಿನ ತೀರಾ ತಳದಲ್ಲಿ ಒಂದು ಸಣ್ಣ ನಲ್ಲಿ. ಪ್ರತಿದಿನ ಸಂಜೆ ಅದನ್ನು ತಿರುಗಿಸಿ ನೀರು ಬಿಡಬೇಕು. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಅದು. ಮರೆತರೆ ಅತಿ ದುಬಾರಿಯೂ ಅದೇ.

ಜೋಡಿಸಿದ ಕ್ರಮ

ತಮ್ಮ ಗಾಡಿಗೆ ಕೂರಿಸಬೇಕೆನ್ನುವವರಿಗಾಗಿ ನಮ್ಮ ಜೋಡಣೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಮೊದಲು ವಿದ್ಯುತ್ತು. ಬ್ಯಾಟರಿಯಿಂದ ಹೊರಟ ತಂತಿಗೆ ಒಂದು ಗೇಣಿನೊಳಗೆ 40 ಆಂಪಿಯರಿನ ಫ್ಯೂಸು. ಫ್ಯೂಸನ್ನು ಕಂಪ್ರೆಸರಿನ ಹತ್ತಿರ ಇಟ್ಟರೆ ಪ್ರಯೋಜನವಿಲ್ಲ, ನಡುವಿನ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಬೆಂಕಿಯೇ. ನಾವು ಮೊದಲು 4 ಚದರ ಮಿ.ಮೀ. ತಂತಿ ಎಳೆದು ತಪ್ಪು ಮಾಡಿದೆವು. ತಂತಿ ಬಿಸಿ, ಯಂತ್ರ ನಿಧಾನ. ಹೋಗಿ ಬರುವ ಎಂಟು ಮೀಟರ್ ದಾರಿಯಲ್ಲೇ ಒಂದು ವೋಲ್ಟು ಸೋರಿ ಹೋಗುತ್ತಿತ್ತು. 10 ಚದರ ಮಿ.ಮೀ.ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಕ್ಯಾಬಿನ್ನಿನ ಸ್ವಿಚ್ಚಿನಲ್ಲಿ ಇಷ್ಟು ಕರೆಂಟು ಹರಿಸಕೂಡದು, ಅದು ರಿಲೇಯನ್ನು ಮಾತ್ರ ಎಬ್ಬಿಸಬೇಕು. ಎಂಜಿನ್ನು ಓಡುತ್ತಿದ್ದರೆ ಮಾತ್ರ ಯಂತ್ರ ಓಡುವ ಹಾಗೆ ರಿಲೇಗೆ ತಂತಿ ಕೊಟ್ಟಿದ್ದೇವೆ. ಇಲ್ಲದಿದ್ದರೆ ಇನ್ನೊಬ್ಬರ ಟೈರು ತುಂಬಿಸಿ ನಮ್ಮ ಗಾಡಿ ತಳ್ಳಬೇಕಾದೀತು.

ಆಮೇಲೆ ಗಾಳಿ. ಒತ್ತಿದ ಗಾಳಿ ಬಹಳ ಬಿಸಿ ಇರುತ್ತದೆ. ಕಂಪ್ರೆಸರಿನ ಬಾಯಿಗೆ ರಬ್ಬರ್ ಪೈಪು ಹಾಕಿದರೆ ಮೆತ್ತಗಾಗಿ ಬಿಡುತ್ತದೆ. ಅಲ್ಲಿ ತಾಮ್ರದ ಕೊಳವೆ ನಾಲ್ಕು ಸುತ್ತು ಸುತ್ತಿ, ತಣ್ಣಗಾದ ಮೇಲೆ ಟ್ಯಾಂಕಿಗೆ ಕೊಟ್ಟಿದ್ದೇವೆ. ಟ್ಯಾಂಕಿನ ಬಾಯಲ್ಲಿ ಹಿಂದಕ್ಕೆ ಬಿಡದ ವಾಲ್ವು. ಒತ್ತಡ 80ಕ್ಕೆ ಇಳಿದರೆ ತಾನಾಗಿ ಶುರುವಾಗಿ 110ಕ್ಕೆ ನಿಲ್ಲುವ ಪ್ರೆಷರ್ ಸ್ವಿಚ್ಚು. ಆ ಸ್ವಿಚ್ಚು ಕೈಕೊಟ್ಟರೆ 125ಕ್ಕೆ ತಾನಾಗಿ ತೆರೆದುಕೊಳ್ಳುವ ಸೇಫ್ಟಿ ವಾಲ್ವು. ಈ ಸೇಫ್ಟಿ ವಾಲ್ವು ಸ್ವಲ್ಪ ಸೋರುತ್ತದೆ ಎಂದು ಒಬ್ಬ ಹುಡುಗ ಅದನ್ನು ತೆಗೆದು ಬೋಲ್ಟು ಬಿಗಿಯಲು ಹೊರಟಿದ್ದ. ಅವನಿಗೆ ಡಿಪೋ ಮಾವ ಹೇಳಿದ ಮಾತನ್ನು ಈ ವೇದಿಕೆಯಲ್ಲಿ ಹೇಳುವಂತಿಲ್ಲ. ವಾಲ್ವು ಸೋರಿದರೆ ಹೊಸ ವಾಲ್ವು ಹಾಕಬೇಕು, ಮುಚ್ಚಬಾರದು.

ಟ್ಯಾಂಕನ್ನು ಹಿಂದಿನ ಬಾಡಿಯ ಅಡ್ಡಪಟ್ಟಿಗೆ ರಬ್ಬರ್ ಕೊಟ್ಟು ಎರಡು ಪಟ್ಟಿಗಳಿಂದ ಬಿಗಿದಿದ್ದೇವೆ, ಸೈಲೆನ್ಸರಿನಿಂದಲೂ ಡೀಸೆಲ್ ಟ್ಯಾಂಕಿನಿಂದಲೂ ದೂರ. ಚಾಸಿಗೆ ತೂತು ಹೊಡೆದಿಲ್ಲ, ವೆಲ್ಡಿಂಗ್ ಮಾಡಿಲ್ಲ. ಕಂಪ್ರೆಸರ್ ಇರುವುದು ಕ್ಯಾಬಿನ್ನಿನ ಹಿಂದಿನ ಪೆಟ್ಟಿಗೆಯಲ್ಲಿ, ಕೆಸರು ಸಿಡಿಯದ ಎತ್ತರದಲ್ಲಿ.

ಕಾನೂನಿನ ಮಾತು ಒಂದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ ಗಾಡಿಯ ಮೂಲ ರೂಪವನ್ನು ನಮ್ಮಿಷ್ಟ ಬಂದಂತೆ ಬದಲಾಯಿಸುವ ಹಾಗಿಲ್ಲ. ನಮ್ಮದು ಬೋಲ್ಟು ಬಿಚ್ಚಿದರೆ ಇಳಿಯುವ ಸಾಮಾನು. ಆದರೂ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೆ ಬರಹದಲ್ಲಿ ತಿಳಿಸಿ, ಪತ್ರವನ್ನು ಫೈಲಿನಲ್ಲಿ ಇಟ್ಟಿದ್ದೇವೆ. ತಾವೂ ಮೊದಲು ವಿಚಾರಿಸಿ, ಆಮೇಲೆ ಪಾನ ಹಿಡಿಯಿರಿ.

ಬಳಸುವಾಗ

ಟ್ಯಾಂಕು ಇದ್ದ ಮೇಲೆ ಗಾಳಿಗೆ ಬರ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಟ್ಯಾಂಕು ತೊಟ್ಟಿ, ಕಂಪ್ರೆಸರು ಒರತೆ. ನಮ್ಮ ತೊಟ್ಟಿ 110ರಿಂದ 80ಕ್ಕೆ ಇಳಿಯುವಾಗ ಕೊಡುವುದು 40 ಲೀಟರು ಗಾಳಿ ಮಾತ್ರ. ಬೈಕಿಗೆ ಅದು ಧಾರಾಳ. ಪಿಕಪ್ಪಿನ ಟೈರನ್ನು 30ರಿಂದ 55ಕ್ಕೆ ಏರಿಸಲು 85 ಲೀಟರು ಬೇಕು, ಎರಡು ನಿಮಿಷದೊಳಗೆ ಆಗುತ್ತದೆ. ಟ್ರಾಕ್ಟರಿನ ಹಿಂದಿನ ಟೈರು ಪೂರ್ತಿ ಇಳಿದಿದ್ದರೆ ಆರೇಳು ನಿಮಿಷ ಕಾಯಬೇಕು. ಹದಿನೈದು ನಿಮಿಷ ಓಡಿಸಿದರೆ ಅಷ್ಟೇ ಹೊತ್ತು ಯಂತ್ರಕ್ಕೆ ವಿಶ್ರಾಂತಿ ಕೊಡುತ್ತೇವೆ. ಒಬ್ಬ ಸದಸ್ಯರು ತಮ್ಮ ಬೋರ್‌ವೆಲ್ ಫ್ಲಶ್ ಮಾಡಿಕೊಡಿ ಅಂತ ಅರ್ಜಿಯನ್ನೇ ಕೊಟ್ಟಿದ್ದರು. ಆ ಕೆಲಸದ ಕಂಪ್ರೆಸರ್ ಒಂದು ಲಾರಿಯ ಮೇಲೆ ಬರುವಂಥದು. ನಮ್ಮದರಿಂದ ಬೋರ್‌ವೆಲ್ಲಿಗೆ ಕಚಗುಳಿಯೂ ಆಗಲಾರದು ಎಂದು ವಿನಯಪೂರ್ವಕ ತಿಳಿಸಿದೆವು.

ಗಾಳಿ ಹೊಡೆಸುವವರು ಮರೆಯಬಾರದ ಕೆಲವು ಮಾತು:

1. ಎಷ್ಟು ಗಾಳಿ ಎಂಬುದನ್ನು ಗಾಡಿಯ ಪಟ್ಟಿ ಅಥವಾ ಪುಸ್ತಕ ನೋಡಿ ಹೇಳಬೇಕು. "ಗಟ್ಟಿ ಆಗೋವರೆಗೆ ಹೊಡಿ" ಎನ್ನಬಾರದು. ಗದ್ದೆಗೆ ಇಳಿಯುವ ಟ್ರಾಕ್ಟರಿನ ದೊಡ್ಡ ಟೈರಿಗೆ ಬೇಕಾಗುವುದು ಹೆಚ್ಚಾಗಿ 12ರಿಂದ 20 ಪೌಂಡು ಮಾತ್ರ. ಪಿಕಪ್ಪಿನ ಹಾಗೆ 55 ಹೊಡೆದರೆ ಅಪಾಯ.

2. ಟ್ರಾಕ್ಟರ್ ಟೈರಿಗೆ ನೀರು ತುಂಬಿಸಿದ್ದರೆ ವಾಲ್ವು ಮೇಲೆ ಬರುವ ಹಾಗೆ ಚಕ್ರ ತಿರುಗಿಸಿಕೊಳ್ಳಬೇಕು. ಇಲ್ಲದಿದ್ದರೆ ಗೇಜಿಗೂ ಪೈಪಿಗೂ ನೀರು ನುಗ್ಗುತ್ತದೆ.

3. ಗಾಳಿಯಿಲ್ಲದೆ ಭಾರ ಹೊತ್ತು ಓಡಿದ ಟೈರಿನ ಪಕ್ಕ ಒಳಗಿಂದೊಳಗೆ ಮುರಿದಿರಬಹುದು. ಬಿಚ್ಚಿ ನೋಡದೆ ಗಾಳಿ ಹೊಡೆಯುವುದಿಲ್ಲ.

4. ರಿಂಗು ಹಾಕಿ ಕೂರಿಸುವ ಹಳೇ ಚಕ್ರಗಳನ್ನು ನಾವು ಮುಟ್ಟುವುದಿಲ್ಲ. ಆ ರಿಂಗು ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಅದಕ್ಕೆ ಕಬ್ಬಿಣದ ಪಂಜರ ಇರುವ ಅಂಗಡಿಗೇ ಹೋಗಬೇಕು. ಯಾವ ಟೈರಾದರೂ ತುಂಬುವಾಗ ಪಕ್ಕದಲ್ಲಿ ಬಗ್ಗಿ ನೋಡಬಾರದು, ಉದ್ದನೆ ಪೈಪು ಹಿಡಿದು ದೂರ ನಿಲ್ಲಬೇಕು.

5. ಟ್ರಾಕ್ಟರ್, ಟಿಲ್ಲರುಗಳ ಒಣ ಏರ್ ಫಿಲ್ಟರನ್ನು ಒಳಗಿಂದ ಹೊರಕ್ಕೆ, 30 ಪೌಂಡಿನೊಳಗೆ ಊದಬೇಕು. ಹೆಚ್ಚು ಒತ್ತಡಕ್ಕೆ ಕಾಗದ ಹರಿದು ದೂಳೆಲ್ಲ ಎಂಜಿನ್ನಿಗೆ.

6. ತಮಾಷೆಗೂ ಮೈಮೇಲೆ ಗಾಳಿ ಹಿಡಿಯಬಾರದು. ಒತ್ತಿದ ಗಾಳಿ ಗಾಯದ ಮೂಲಕ ಒಳಗೆ ಹೊಕ್ಕರೆ ಜೀವಕ್ಕೇ ಸಂಚಕಾರ. ಮಕ್ಕಳ ಕೈಗೆ ಪೈಪು ಕೊಡಕೂಡದು.

ಕೊನೆಯ ಮಾತು

ಖರ್ಚಿನ ಲೆಕ್ಕ ವಾರ್ಷಿಕ ವರದಿಯಲ್ಲಿ ಅಚ್ಚಾಗಿದೆ, ಇಲ್ಲಿ ಓದುವುದಿಲ್ಲ. ಆ ಲೆಕ್ಕದಲ್ಲಿ "ನೀರಿನ ಪರೀಕ್ಷೆ, ರೂ. 600" ಎಂಬ ಒಂದು ಸಾಲು ಇದೆ. ಈ ಸಂಘ ಇಪ್ಪತ್ತೈದು ವರ್ಷದಲ್ಲಿ ಮಾಡಿದ ಖರ್ಚಿನಲ್ಲಿ ಅಷ್ಟು ಸಾರ್ಥಕವಾದ ಆರು ನೂರು ರೂಪಾಯಿ ಇನ್ನೊಂದಿಲ್ಲ ಎಂಬುದು ನಮ್ಮ ಮೂವರ ಅಭಿಪ್ರಾಯ. ಆ ದಿನ ಅಂಗಿ ಒದ್ದೆ ಮಾಡಿಕೊಂಡವರದೂ ಅದೇ ಅಭಿಪ್ರಾಯ.

ಯಂತ್ರ ಬಂದ ಮೇಲೆ ಸ್ಟೆಪ್ನಿ ನೋಡುವ ಕೆಲಸ ತಪ್ಪಿತೇ? ತಪ್ಪಲಿಲ್ಲ. ಸ್ಟೆಪ್ನಿ ಹಾಕುವ ಕೈಯೇ ಯಂತ್ರವನ್ನೂ ಮರೆಯಬಹುದು. ಅದಕ್ಕೆ ರಿಜಿಸ್ಟರಿನ ರೀತಿ ಬದಲಾಯಿಸಿದ್ದೇವೆ. ಈಗ "ಸರಿ ಇದೆ" ಎಂದು ಬರೆಯುವ ಜಾಗವೇ ಇಲ್ಲ. ಗೇಜು ಇಟ್ಟು ಎಷ್ಟು ಪೌಂಡು ಎಂದು ಸಂಖ್ಯೆ ಬರೆಯಬೇಕು. ಐದು ಟೈರಿಗೆ ಐದು ಸಂಖ್ಯೆ. ಪಕ್ಕದಲ್ಲಿ "ನೀರು ಬಿಟ್ಟಿದೆ" ಎಂಬುದಕ್ಕೆ ಬೇರೆ ಸಹಿ. ನೋಡದೆ ಸಹಿ ಹಾಕುವುದು ಸುಲಭ, ನೋಡದೆ ಸಂಖ್ಯೆ ಬರೆಯಲು ಸ್ವಲ್ಪ ಅಳುಕಾಗುತ್ತದೆ. ನಮಗಾದರೂ ಆಗುತ್ತದೆ.

ಹಾವು ಕಚ್ಚಿಸಿಕೊಂಡ ನಮ್ಮ ಸದಸ್ಯರು ತಿಂಗಳಿಗೊಮ್ಮೆ ಗೋದಾಮಿಗೆ ಬರುತ್ತಾರೆ. ಗೊಬ್ಬರ ಬೇಕಿದ್ದರೂ ಇಲ್ಲದಿದ್ದರೂ ಬರುತ್ತಾರೆ. ಗಾಡಿಯ ಅಡಿಗೆ ಬಗ್ಗಿ ಸ್ಟೆಪ್ನಿಯನ್ನು ಒಮ್ಮೆ ಬೆರಳಲ್ಲಿ ಬಡಿದು ನೋಡಿ, ಏನೂ ಮಾತಾಡದೆ, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾರೆ. ನಮ್ಮ ರಿಜಿಸ್ಟರಿನ ನಿಜವಾದ ತಪಾಸಣೆ ಅದೇ. ಅವರಿಗೆ ಈ ವೇದಿಕೆಯಿಂದ ಕೈ ಮುಗಿಯುತ್ತೇವೆ.

ಊಟವಾದ ಮೇಲೆ ಗಾಡಿ ಗೋದಾಮಿನ ಎದುರು ನಿಂತಿರುತ್ತದೆ, ನೋಡುವವರು ಬಂದು ನೋಡಬಹುದು. ತಮ್ಮ ಬೈಕಿನ ಟೈರಿಗೆ ಇವತ್ತು ಗಾಳಿ ಪುಕ್ಕಟೆ. ಎಷ್ಟು ಪೌಂಡು ಎಂದು ಮಾತ್ರ ತಾವೇ ಹೇಳಬೇಕು.